ಡಿಲೀಟ್ ಮಾಡಿ ಸುಮ್ಮನಾಗಬೇಕಾ, ದೂರು ಕೊಡಬೇಕಾ? ಮಕ್ಕಳ ಮೇಲಿನ ಆನ್‌ಲೈನ್ ಅಪರಾಧ ಮತ್ತು ಕಾನೂನು

ಹೊಸನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ತಿಳಿದವರ ಮಾತು ತುರ್ತಾಗಿ ಬೇಕಾಗಿದೆ.

ಒಬ್ಬ ವಿದ್ಯಾರ್ಥಿನಿಗೆ ಆನ್‌ಲೈನ್ ಗೇಮ್‌ನಲ್ಲಿ ಯಾರೋ ಪರಿಚಯವಾಗಿದ್ದಾನೆ. ಮೊದಲು ಆಟದ ಮಾತು, ಆಮೇಲೆ ಮನೆ ಕಷ್ಟದ ಮಾತು, ಆಮೇಲೆ ಫೋಟೊ ಕೇಳಿದ್ದಾನೆ. ಇವಳು ಕಳಿಸಿದ್ದು ಸಾಮಾನ್ಯ ಫೋಟೊ. ಅದರ ಮುಖ ತೆಗೆದು ಬೆತ್ತಲೆ ಚಿತ್ರಕ್ಕೆ ಜೋಡಿಸಿ ಅವಳಿಗೇ ವಾಪಸ್ ಕಳಿಸಿದ್ದಾನೆ. ನಿಜವಾದ ಫೋಟೊ ಕಳಿಸು, ಇಲ್ಲದಿದ್ದರೆ ಇದು ನಿಮ್ಮೂರಿನ ಗ್ರೂಪಿಗೆ ಹೋಗುತ್ತದೆ ಅಂತ ಬೆದರಿಸುತ್ತಿದ್ದಾನೆ. ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಅವಳ ಗೆಳತಿ ಬಂದು ನನಗೆ ಹೇಳಿದಳು.

ಮನೆಯವರಿಗೆ ತಿಳಿಸಿದೆ. ಎಲ್ಲವನ್ನೂ ಡಿಲೀಟ್ ಮಾಡಿ ಸಿಮ್ ಮುರಿದು ಹಾಕಲು ಅಪ್ಪ ಹೊರಟಿದ್ದರು. ಸದ್ಯಕ್ಕೆ ತಡೆದಿದ್ದೇನೆ. ಠಾಣೆ ಮೆಟ್ಟಿಲು ಹತ್ತಿದರೆ ಊರಿಗೆಲ್ಲ ಗೊತ್ತಾಗುತ್ತದೆ, ನಾಳೆ ಇವಳನ್ನು ಮದುವೆ ಆಗುವವರು ಯಾರು ಅನ್ನುವುದು ದೊಡ್ಡಪ್ಪನ ವಾದ.

ತಿರುಚಿದ ಫೋಟೊಗೂ ಕೇಸ್ ಆಗುತ್ತದಾ? ಅವನು ಹಿಂದಿ ಬೆರೆಸಿ ಬರೆಯುತ್ತಾನೆ, ಯಾವ ರಾಜ್ಯದವನೋ ಗೊತ್ತಿಲ್ಲ. ನಮ್ಮ ಠಾಣೆಯಲ್ಲಿ ದೂರು ತೆಗೆದುಕೊಳ್ಳುತ್ತಾರಾ? ಮಗು ಕೋರ್ಟಿಗೆ ಅಲೆಯಬೇಕಾ? ಮನೆಯಲ್ಲಿರುವುದು ಅದೊಂದೇ ಫೋನು, ಅದೂ ಹೋಗುತ್ತದಾ?

ನಿರ್ವಾಹಕರು

ಮೇಷ್ಟ್ರೇ, ಮಗುವಿನ ತರಗತಿ ಮತ್ತು ಗೇಮ್ ಹೆಸರು ಇದ್ದ ಒಂದು ಸಾಲನ್ನು ತೆಗೆದಿದ್ದೇವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಹೆಸರು, ವಿಳಾಸ, ಶಾಲೆ, ಮನೆಯವರು, ನೆರೆಹೊರೆ ಎಲ್ಲವೂ ಅದರಲ್ಲಿ ಸೇರುತ್ತದೆ. ಉಳಿದವರೂ ಯಾವ ಊರು, ಯಾವ ಶಾಲೆ ಅಂತ ದಯವಿಟ್ಟು ಕೇಳಬೇಡಿ.

ಶಿವಮೊಗ್ಗ ವಕೀಲೆ

ಮೇಷ್ಟ್ರೇ, ನೀವು ಸಿಮ್ ಮುರಿಯುವುದನ್ನು ತಡೆದಿರಲ್ಲ, ಅದು ಬಹಳ ದೊಡ್ಡ ಕೆಲಸ. ಇಂಥ ಕೇಸುಗಳಲ್ಲಿ ಸಾಕ್ಷಿ ಹಾಳಾಗುವುದು ಮನೆಯಲ್ಲೇ, ಮೊದಲ ಒಂದೆರಡು ದಿನದಲ್ಲೇ.

ತಿರುಚಿದ ಫೋಟೊ ಬಗ್ಗೆ ಅನುಮಾನವೇ ಬೇಡ. ಪೋಕ್ಸೋ 2012ರಲ್ಲಿ ಬಂದಾಗಲೇ 11ನೇ ಸೆಕ್ಷನ್‌ನಲ್ಲಿ, ನಿಜವಾದ ಚಿತ್ರವಾಗಲಿ ಸೃಷ್ಟಿಸಿದ್ದಾಗಲಿ ತೋರಿಸುತ್ತೇನೆ ಅಂತ ಮಗುವನ್ನು ಲೈಂಗಿಕ ಉದ್ದೇಶದಿಂದ ಬೆದರಿಸುವುದು ಅಪರಾಧ ಅಂತ ಬರೆದಿತ್ತು. 12ನೇ ಸೆಕ್ಷನ್ ಪ್ರಕಾರ ಅದಕ್ಕೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. 2019ರ ತಿದ್ದುಪಡಿ ಇನ್ನೂ ಸ್ಪಷ್ಟ ಮಾಡಿತು. ನಿಜವಾದ ಮಗುವಿನಿಂದ ಬೇರೆ ಅಂತ ಗುರುತಿಸಲಾಗದ ಚಿತ್ರ, ಕಂಪ್ಯೂಟರ್‌ನಲ್ಲಿ ಮಾಡಿದ್ದು, ಬದಲಾಯಿಸಿದ್ದು, ಎಲ್ಲವನ್ನೂ ಒಳಗೆ ತಂದಿತು.

ಇದರ ಜೊತೆಗೆ ಐಟಿ ಕಾಯ್ದೆಯ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ, 67ಬಿ ಸೆಕ್ಷನ್ ಇದೆ. ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಚಿತ್ರ ಸೃಷ್ಟಿಸುವುದು, ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು, ಹಂಚುವುದು ಎಲ್ಲವೂ ಅಪರಾಧ. ಲೈಂಗಿಕ ಕೃತ್ಯಕ್ಕಾಗಿ ಮಗುವನ್ನು ಆನ್‌ಲೈನ್ ಸಂಬಂಧಕ್ಕೆ ಸೆಳೆಯುವುದೂ ಅದರಲ್ಲೇ ಇದೆ. ಮೊದಲ ಬಾರಿಗೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ನಿಜವಾದ ಫೋಟೊ ಕಳಿಸು ಅಂತ ಅವನು ಒತ್ತಾಯಿಸಿದ್ದು ಪೋಕ್ಸೋ 13ನೇ ಸೆಕ್ಷನ್‌ನ, ಅಂದರೆ ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿಕೊಳ್ಳುವ ಅಪರಾಧದ, ಪ್ರಯತ್ನ ಅಂತಲೂ ವಾದಿಸಬಹುದು. ಆ ಸೆಕ್ಷನ್‌ಗೆ ಕನಿಷ್ಠ ಶಿಕ್ಷೆಯೇ 5 ವರ್ಷ. ಪ್ರಯತ್ನ ಅಂತಾದರೆ ಶಿಕ್ಷೆ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ದೂರು ಕೊಡಬೇಕಾ ಬೇಡವಾ ಅನ್ನುವುದು ಈಗ ನಿಮ್ಮ ಇಷ್ಟದ ವಿಷಯವಲ್ಲ. 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು. ಕೈಕೆಳಗಿನ ನೌಕರ ಮಾಡಿದ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ 19ನೇ ಸೆಕ್ಷನ್ ರಕ್ಷಣೆಯನ್ನೂ ಕೊಡುತ್ತದೆ.

ಸಾಗರದ ಅಮ್ಮ

ಮೇಡಂ, ಒಂದು ಗೊಂದಲ. ಮಕ್ಕಳ ಇಂಥ ಚಿತ್ರ ಫೋನಿನಲ್ಲಿ ಇಟ್ಟುಕೊಂಡರೇ ಕೇಸ್ ಅಂತೀರಿ. ಡಿಲೀಟ್ ಮಾಡಬೇಡಿ ಅಂತಲೂ ಹೇಳುತ್ತೀರಿ. ಪಾಪ, ಆ ತಾಯಿ ತಂದೆ ಏನು ಮಾಡಬೇಕು?

ಶಿವಮೊಗ್ಗ ವಕೀಲೆ

ಇದೇ ಪ್ರಶ್ನೆಗೆ ನಮ್ಮ ಕಡೆ ಎಷ್ಟೋ ಮನೆಯವರು ಹೆದರಿ ಎಲ್ಲವನ್ನೂ ಅಳಿಸಿಬಿಡುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಪೋಕ್ಸೋ 15ನೇ ಸೆಕ್ಷನ್‌ನಲ್ಲಿ ಮೂರು ಹಂತ ಇವೆ. ಹಂಚುವ ಉದ್ದೇಶದಿಂದ ಇಟ್ಟುಕೊಂಡು ಅಳಿಸದೆ, ವರದಿಯನ್ನೂ ಮಾಡದೆ ಇರುವುದು ಒಂದು. ಅದಕ್ಕೆ 5,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಹಂಚಲು, ಪ್ರದರ್ಶಿಸಲು ಇಟ್ಟುಕೊಳ್ಳುವುದು ಎರಡನೆಯದು, 3 ವರ್ಷದವರೆಗೆ ಜೈಲು. ವ್ಯಾಪಾರಕ್ಕೆ ಇಟ್ಟುಕೊಂಡರೆ 3ರಿಂದ 5 ವರ್ಷ. ಎರಡನೇ ಹಂತದಲ್ಲಿ, ವರದಿ ಮಾಡಲು ಅಥವಾ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಲು ಇಟ್ಟುಕೊಂಡಿದ್ದರೆ ಇದು ಅನ್ವಯಿಸುವುದಿಲ್ಲ ಅಂತ ಕಾನೂನೇ ಹೇಳಿದೆ. ಮಗಳ ಫೋನನ್ನು ಇದ್ದ ಹಾಗೇ ಠಾಣೆಗೆ ತಂದು ಕೊಡುವ ಅಪ್ಪ ಅಪರಾಧಿ ಆಗುವುದಿಲ್ಲ.

ಅಪಾಯ ಇರುವುದು ಬೇರೆ ಕಡೆ. ಆ ಚಿತ್ರವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ದೊಡ್ಡಪ್ಪನಿಗೂ ಬೇಡ, ಹೆಡ್‌ಮಾಸ್ಟರಿಗೂ ಬೇಡ, ನನ್ನಂಥ ವಕೀಲರಿಗೂ ಬೇಡ. 'ನೋಡಿ ಹೀಗೆ ಮಾಡಿದ್ದಾನೆ' ಅಂತ ತೋರಿಸಲು ಕಳಿಸಿದ್ದೂ ಹಂಚಿದ ಹಾಗೆಯೇ. ಕಾನೂನಿನ ಮಾತು ಪಕ್ಕಕ್ಕಿಡಿ, ಆ ಮಗುವಿಗೆ ಅದು ಇನ್ನೊಂದು ಏಟು ಅಲ್ವಾ? ಬೆದರಿಕೆ ಮೆಸೇಜು, ಅಕೌಂಟ್ ಹೆಸರು, ಪ್ರೊಫೈಲ್ ಲಿಂಕ್, ದಿನಾಂಕ, ಸಮಯ ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಚಿತ್ರ ಫೋನಿನಲ್ಲೇ ಇರಲಿ.

ತೀರ್ಥಹಳ್ಳಿ ಟೆಕ್ಕಿ

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಫಾರ್ವರ್ಡ್ ಬೇಡ ಅನ್ನುವುದಕ್ಕೆ ತಾಂತ್ರಿಕ ಕಾರಣವೂ ಇದೆ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿ ಹೋಗುತ್ತದೆ. ಯಾವಾಗ ತೆಗೆದದ್ದು, ಯಾವ ಸಾಧನದಲ್ಲಿ ಅನ್ನುವ ಒಳ ವಿವರ ಅಳಿಸಿ ಹೋಗುತ್ತದೆ. ಪ್ರತಿ ಫೈಲಿಗೂ ಹ್ಯಾಶ್ ಅಂತ ಒಂದು ಸಂಖ್ಯೆ ಲೆಕ್ಕ ಹಾಕುತ್ತಾರೆ, ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಫಾರ್ವರ್ಡ್ ಆದ ಪ್ರತಿಯನ್ನು ಹಿಡಿದು 'ಇದು ಮೂಲ ಚಿತ್ರವೇ' ಅಂತ ಕೋರ್ಟಿನಲ್ಲಿ ಹೇಳುವುದು ಕಷ್ಟ.

ಅವನನ್ನು ಹುಡುಕುವ ಬಗ್ಗೆಯೂ ಒಂದು ಮಾತು. ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್‌ನಲ್ಲಿ ಸಂಪರ್ಕಕ್ಕೆ ಸಿಗುವ ವಿಳಾಸದ ಸಂಖ್ಯೆ, ಸಿಕ್ಕಿದರೆ ಆಳು ಸಿಕ್ಕಿದ ಅಂದುಕೊಳ್ಳುತ್ತೇವೆ. ಮೊಬೈಲ್ ಡೇಟಾದಲ್ಲಿ ಹಾಗಲ್ಲ. ಒಂದೇ ಐಪಿಯನ್ನು ಒಂದೇ ಹೊತ್ತಿಗೆ ನೂರಾರು ಜನ ಹಂಚಿಕೊಂಡಿರುತ್ತಾರೆ. ಯಾರು ಅಂತ ಬಿಡಿಸಲು ಪೋರ್ಟ್ ಸಂಖ್ಯೆ (ಒಂದೇ ಐಪಿಯೊಳಗೆ ಒಬ್ಬೊಬ್ಬರ ಸಂಪರ್ಕವನ್ನು ಬೇರೆ ಮಾಡುವ ಸಂಖ್ಯೆ) ಮತ್ತು ಸೆಕೆಂಡಿನವರೆಗಿನ ಸಮಯ ಬೇಕು. ವಿದೇಶಿ ಕಂಪನಿಗಳ ದಾಖಲೆಯಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಇರುವ ಪ್ರಮಾಣ ಸಮಯದಲ್ಲಿ, ಇರುತ್ತದೆ. ನಮ್ಮ ಗಡಿಯಾರಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಅದನ್ನು ಸೇರಿಸದೆ ಟೆಲಿಕಾಂ ಕಂಪನಿಗೆ ಪತ್ರ ಬರೆದರೆ ಸಂಬಂಧವೇ ಇಲ್ಲದವನ ಮನೆ ಬಾಗಿಲಿಗೆ ಪೊಲೀಸರು ಹೋಗುತ್ತಾರೆ. ನಿಜವಾದ ಆರೋಪಿಯ ವಕೀಲರಿಗೆ ಆ ಒಂದು ತಪ್ಪೇ ಸಾಕು.

ಹಾಗಾಗಿ ಮೆಸೇಜ್ ಬಂದ ಸಮಯ ಬಹಳ ಮುಖ್ಯ. 'ಸಂಜೆ ಹೊತ್ತಿಗೆ' ಅಂತ ಬರೆಯಬೇಡಿ. ಫೋನ್ ತೋರಿಸುವ ಗಂಟೆ, ನಿಮಿಷವನ್ನೇ ಬರೆಯಿರಿ.

ಭದ್ರಾವತಿ ನಿವೃತ್ತ ಪೊಲೀಸ್

ಸರ್ವೀಸಿನಲ್ಲಿ ಕೊನೆ ವರ್ಷಗಳನ್ನು ಇಂಥ ಫೈಲುಗಳ ಜೊತೆಯೇ ಕಳೆದವನು ನಾನು. ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು) 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದಕ್ಕೇ ಝೀರೊ ಎಫ್‌ಐಆರ್ ಅನ್ನುವುದು. ನಿಮ್ಮ ಕೇಸಿನಲ್ಲಿ ಅದೂ ಬೇಕಾಗಲಿಕ್ಕಿಲ್ಲ. ಮೆಸೇಜ್ ಹೊರಟ ಜಾಗದ ಹಾಗೆ ಬಂದು ತಲುಪಿದ ಜಾಗದ ಕೋರ್ಟಿಗೂ ವ್ಯಾಪ್ತಿ ಇರುತ್ತದೆ. ಮಗು ಮೆಸೇಜ್ ಓದಿದ್ದು ಹೊಸನಗರದಲ್ಲಿ. ಅಲ್ಲಿಗೆ ಮುಗಿಯಿತು.

ಆದರೆ ಒಂದು ತೊಡಕು ಗೊತ್ತಿರಲಿ. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, 78ನೇ ಸೆಕ್ಷನ್. ನಮ್ಮ ಕಾಡಂಚಿನ ಠಾಣೆಗಳಲ್ಲಿ ಪಿಎಸ್‌ಐ ಇರುತ್ತಾರೆ. ಅವರು ಎಫ್‌ಐಆರ್ ಮಾಡಬಹುದು, ತನಿಖೆ ಮೇಲಿನವರಿಗೆ ಹೋಗಬೇಕು. ಇದನ್ನು ಮರೆತರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಅದಕ್ಕೇ ಮೊದಲ ದಿನವೇ ಶಿವಮೊಗ್ಗದ ಸಿಇಎನ್ ಠಾಣೆಗೆ ವಿಷಯ ಮುಟ್ಟಿಸಿ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತಲೇ ಇರುವ ಠಾಣೆ ಅದು.

ರಾತ್ರಿ ಹೊತ್ತು, ಮಳೆಗೆ ರಸ್ತೆ ಬಂದ್ ಆಗಿದೆ, ಹೋಗಲು ಆಗುವುದಿಲ್ಲ ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು. ಆದರೆ ಕೇಸ್ ನಡೆಯಬೇಕು ಅಂದರೆ ಹೆಸರು ಕೊಟ್ಟು ದೂರು ಕೊಡುವುದೇ ಒಳ್ಳೆಯದು. 1098 ಮಕ್ಕಳ ಸಹಾಯವಾಣಿ. ಜನ 1930ಕ್ಕೆ ಫೋನ್ ಮಾಡುತ್ತಾರೆ, ಅದು ಮುಖ್ಯವಾಗಿ ಹಣದ ಮೋಸಕ್ಕೆ.

ಇನ್ನೊಂದು, ಹುಡುಗಿಯ ಕಡೆಯಿಂದ ಅವನಿಗೆ ಬೈದು ಉತ್ತರ ಕೊಡಬೇಡಿ. 'ಪೊಲೀಸಿಗೆ ಹೋಗುತ್ತೇವೆ' ಅಂತಲೂ ಬೇಡ. ಅವನು ಅಕೌಂಟ್ ಅಳಿಸುತ್ತಾನೆ. 2021ರ ಐಟಿ ನಿಯಮಗಳ ಪ್ರಕಾರ ಅಕೌಂಟ್ ರದ್ದಾದರೂ ನೋಂದಣಿ ಮಾಹಿತಿಯನ್ನು ಕಂಪನಿ 180 ದಿನ ಇಟ್ಟುಕೊಳ್ಳಬೇಕು. ಪೊಲೀಸರು ಸರಿಯಾದ ಆದೇಶದೊಂದಿಗೆ ಕೇಳಿದರೆ 72 ಗಂಟೆಯಲ್ಲಿ ಮಾಹಿತಿ ಕೊಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮನೆಯವರು ಯೋಚಿಸುತ್ತಾ ಆರು ತಿಂಗಳು ಕಳೆದರೆ ಯಾರೂ ಏನೂ ಮಾಡಲಾಗದು.

ಆಗುಂಬೆ ಘಾಟಿ

ಎಲ್ಲರೂ ಸೆಕ್ಷನ್ ಹೇಳುತ್ತಿದ್ದೀರಿ. ನಾನು ಊರಿನ ಮಾತು ಹೇಳುತ್ತೇನೆ. ದೊಡ್ಡಪ್ಪ ಹೇಳಿದ್ದರಲ್ಲಿ ಹುರುಳಿಲ್ಲ ಅಂತ ಹೇಗೆ ಹೇಳುವುದು? ನಮ್ಮ ಕಡೆ ಮನೆಗಳು ದೂರ ದೂರ, ಸುದ್ದಿ ಮಾತ್ರ ಪಕ್ಕದಲ್ಲೇ. ಜೀಪ್ ಬಂದು ಅಂಗಳದಲ್ಲಿ ನಿಂತರೆ ಸಂಜೆಗೆ ಸೊಸೈಟಿಯಲ್ಲಿ, ಅಡಿಕೆ ಮಂಡಿಯಲ್ಲಿ ಅದೇ ಮಾತು. ಹುಡುಗಿ ಅದನ್ನು ಹೊತ್ತು ಬದುಕಬೇಕು. ಎದುರಿನವನು ಗುರುತಿನವನೇ ಆಗಿದ್ದರೆ ಹಿರಿಯರು ಕೂತು ಫೋನ್ ಒಡೆಸಿ, ತಪ್ಪೊಪ್ಪಿಗೆ ಬರೆಸಿಕೊಂಡು ಮುಗಿಸುವುದೇ ಮಗುವಿಗೆ ಒಳ್ಳೆಯದು ಅಂತ ಈಗಲೂ ಅನ್ನಿಸುತ್ತದೆ.

ಸಾಗರದ ಅಮ್ಮ

ಅಣ್ಣಾ, ನಿಮ್ಮ ಭಯ ನನಗೂ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಆದರೆ ಫೋನ್ ಒಡೆದರೆ ಚಿತ್ರ ಹೋಗುತ್ತದೆ ಅಂತ ಯಾರು ಹೇಳಿದ್ದು? ಅವನ ಹತ್ತಿರ ಇನ್ನೊಂದು ಕಾಪಿ ಇದ್ದೇ ಇರುತ್ತದೆ. ಇವಳನ್ನು ಬಿಟ್ಟು ನಾಳೆ ಇನ್ನೊಬ್ಬಳನ್ನು ಹಿಡಿಯುತ್ತಾನೆ. ಊರಿನವರು ಮಾತಾಡುವುದು ತಪ್ಪಬೇಕಾದರೆ ಊರಿನವರೇ ಬಾಯಿ ಮುಚ್ಚಿಕೊಳ್ಳಬೇಕು. ಹುಡುಗಿ ಯಾಕೆ ಮುಚ್ಚಿಕೊಳ್ಳಬೇಕು?

ಶಿವಮೊಗ್ಗ ವಕೀಲೆ

ಜೀಪಿನ ವಿಷಯಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಪೋಕ್ಸೋ 24ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ಬರಬೇಕು. ಸಮವಸ್ತ್ರದಲ್ಲಿ ಇರಕೂಡದು. ಅಜ್ಜಿ ಮನೆಯಲ್ಲಿ ಹೇಳಿಕೆ ಕೊಡುತ್ತೇವೆ, ಸಾದಾ ಬಟ್ಟೆಯಲ್ಲಿ ಬನ್ನಿ ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿ ಪಡೆಯಿರಿ.

ರಾಜಿ ಪಂಚಾಯ್ತಿಕೆ ಬಗ್ಗೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 7ರಂದು ಸ್ಪಷ್ಟವಾಗಿ ಹೇಳಿದೆ. ರಾಮ್‌ಜಿ ಲಾಲ್ ಬೈರ್ವಾ ಪ್ರಕರಣ, ರಾಜಸ್ಥಾನದ್ದು. ಮಗುವಿನ ತಂದೆ ಮತ್ತು ಆರೋಪಿ ರಾಜಿಯಾದರು ಅಂತ ಹೈಕೋರ್ಟ್ ಪೋಕ್ಸೋ ಕೇಸ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದು ಹಾಕಿತು. ಇದು ಎರಡು ಮನೆಗಳ ನಡುವಿನ ಜಗಳ ಅಲ್ಲ, ಸಮಾಜದ ವಿರುದ್ಧದ ಅಪರಾಧ ಅನ್ನುವುದು ಅದರ ನಿಲುವು. ಹಿರಿಯರು ಬರೆಸಿಕೊಂಡ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಅಂತ ಆ ಹಿರಿಯರ ಮೇಲೆಯೇ 21ನೇ ಸೆಕ್ಷನ್ ಬರಬಹುದು.

ಸೊರಬದ ಕಾನೂನು ವಿದ್ಯಾರ್ಥಿ

ನೋಡುವುದು ಅಪರಾಧವಾ ಅನ್ನುವ ವಿಷಯದಲ್ಲಿ ಕೋರ್ಟುಗಳೇ ಎಡವಿದ್ದವು, ಅದನ್ನು ಇಲ್ಲಿ ದಾಖಲಿಸಬೇಕು ಅನ್ನಿಸುತ್ತದೆ. 2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಕೇಸ್ ರದ್ದು ಮಾಡಿತು. ಆರೋಪಿ ಇಂಥ ವಿಡಿಯೊ ಇಳಿಸಿಕೊಂಡು ಖಾಸಗಿಯಾಗಿ ನೋಡಿದ್ದಾನೆ, ಯಾರಿಗೂ ಕಳಿಸಿಲ್ಲ, ಹಾಗಾಗಿ ಅಪರಾಧ ಅಲ್ಲ ಅಂತ. ಅದೇ ವರ್ಷ ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವೂ ಸುಮಾರು ಇಂಥದ್ದೇ ಆದೇಶ ಕೊಟ್ಟಿತು. ಆದರೆ ಕೆಲವೇ ದಿನಗಳಲ್ಲಿ ಅದೇ ಪೀಠ ಆದೇಶ ವಾಪಸ್ ಪಡೆಯಿತು. ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಅಂತ 67ಬಿಯ ಎರಡನೇ ಉಪವಿಧಿಯಲ್ಲೇ ಬರೆದಿದೆ, ಅದು ಗಮನಕ್ಕೆ ಬಂದಿರಲಿಲ್ಲ ಅಂತ ಒಪ್ಪಿಕೊಂಡಿತು. ಕೋರ್ಟೊಂದು ಇಷ್ಟು ಬೇಗ ತನ್ನನ್ನು ತಿದ್ದಿಕೊಂಡಿದ್ದು ನನಗೆ ಗೌರವದ ವಿಷಯ.

2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ತೀರ್ಪನ್ನು ತಳ್ಳಿಹಾಕಿತು. ಚಿತ್ರದಲ್ಲಿರುವ ಮಗು ಯಾರು, ವಯಸ್ಸೆಷ್ಟು ಅಂತ ಜನನ ಪ್ರಮಾಣಪತ್ರ ತರಲು ಎಷ್ಟೋ ಕೇಸುಗಳಲ್ಲಿ ಸಾಧ್ಯವೇ ಇಲ್ಲ. ಸಾಮಾನ್ಯ ಬುದ್ಧಿಯ ಮನುಷ್ಯನಿಗೆ ನೋಡಿದರೆ ಮಗು ಅಂತ ಕಂಡರೆ ಸಾಕು ಅಂದಿತು ಕೋರ್ಟ್. ಫೈಲ್ ಫೋನಿನಲ್ಲಿ ಉಳಿದಿರಲೇಬೇಕು ಅಂತಿಲ್ಲ, ಅದರ ಮೇಲೆ ಅವನಿಗೆ ಹಿಡಿತ ಇತ್ತಾ ಅನ್ನುವುದು ಮುಖ್ಯ ಅಂತಲೂ ಹೇಳಿತು.

ಇನ್ನು ಪಾಸ್‌ವರ್ಡ್. ಆರೋಪಿ ಫೋನ್ ಲಾಕ್ ತೆಗೆಯಲ್ಲ ಅಂದರೆ? ಸಂವಿಧಾನದ 20(3)ನೇ ವಿಧಿ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ ಅನ್ನುತ್ತದೆ. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಪಾಸ್‌ವರ್ಡ್ ಕೊಡುವುದು ಹಾಗೆ ಸಾಕ್ಷಿ ಹೇಳಿದಂತೆ ಅಲ್ಲ ಅಂತ ಹೇಳಿತು. ಫೋನ್, ಕಂಪ್ಯೂಟರ್ ಹೇಗೆ ವಶಕ್ಕೆ ಪಡೆಯಬೇಕು ಅಂತ ಪೊಲೀಸರಿಗೆ ಮಾರ್ಗಸೂಚಿಯನ್ನೂ ಕೊಟ್ಟಿತು. ಬೇರೆ ಕಡೆಯ ಕೋರ್ಟುಗಳು ಇದನ್ನು ಒಪ್ಪದೇ ಇರುವುದೂ ಉಂಟು. ಹೊರ ರಾಜ್ಯದ ಆರೋಪಿ ಇದ್ದಾಗ ಅವನ ವಕೀಲರು ಅದನ್ನೇ ಹಿಡಿದು ಬರುತ್ತಾರೆ.

ಶಿವಮೊಗ್ಗ ವಕೀಲೆ

ವಿದ್ಯಾರ್ಥಿ ಹೇಳಿದ್ದೆಲ್ಲ ಸರಿ. ಆದರೆ ದಿನನಿತ್ಯದ ವಿಚಾರಣೆಯಲ್ಲಿ ಕೇಸ್ ಬೀಳುವುದು ಇಂಥ ದೊಡ್ಡ ಪ್ರಶ್ನೆಗಳಲ್ಲಿ ಕಡಿಮೆ. ಬೀಳುವುದು ಸರ್ಟಿಫಿಕೇಟಿನಲ್ಲಿ.

ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕೇಳಿರುತ್ತೀರಿ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಸ್ಕ್ರೀನ್‌ಶಾಟ್, ಪ್ರಿಂಟ್, ಪೆನ್‌ಡ್ರೈವ್ ಕಾಪಿ ಯಾವುದೇ ಕೊಟ್ಟರೂ ಜೊತೆಗೆ ಪ್ರಮಾಣಪತ್ರ ಬೇಕು. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯ ಅಂದಿತು. ಮೂಲ ಸಾಧನವನ್ನೇ ಕೋರ್ಟಿಗೆ ತಂದು ಅದರ ಒಡೆಯರು ಸಾಕ್ಷಿ ಹೇಳಿದರೆ ಮಾತ್ರ ಬೇಡ. ಹೊಸ ಕಾಯ್ದೆಯಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದನ್ನು ಸಾಧನ ಯಾರ ಕೈಯಲ್ಲಿತ್ತೋ ಅವರು ತುಂಬಬೇಕು, ಇನ್ನೊಂದನ್ನು ಪರಿಣತರು. ಟೆಕ್ಕಿ ಹೇಳಿದ ಹ್ಯಾಶ್ ಸಂಖ್ಯೆಯೂ ಅದರಲ್ಲಿ ಬರಬೇಕು. ತಾಲ್ಲೂಕು ಮಟ್ಟದಲ್ಲಿ ಆ ಪರಿಣತರು ಎಲ್ಲಿಂದ ಬರಬೇಕು ಹೇಳಿ? ಫೋನ್ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗಿ ವರದಿ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಮಗು ಎಸ್‌ಎಸ್‌ಎಲ್‌ಸಿ ಮುಗಿಸಿರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಶಿಕ್ಷೆಯ ವರ್ಷ ಹೆಚ್ಚಿಸುತ್ತಾ ಹೋದರು. ಜಿಲ್ಲೆಗೊಂದು ಸರಿಯಾದ ಡಿಜಿಟಲ್ ಪ್ರಯೋಗಾಲಯ, ಸಾಕಷ್ಟು ಸಿಬ್ಬಂದಿ ಕೊಟ್ಟಿದ್ದರೆ ಅದಕ್ಕಿಂತ ಜಾಸ್ತಿ ಮಕ್ಕಳಿಗೆ ನ್ಯಾಯ ಸಿಗುತ್ತಿತ್ತು.

ತೀರ್ಥಹಳ್ಳಿ ಟೆಕ್ಕಿ

ವಿದೇಶದ ಸರ್ವರ್ ವಿಷಯ ಯಾರಾದರೂ ಹೇಳಿ. ಚಾಟ್ ಇರುವುದು ಅಮೆರಿಕದಲ್ಲಿ, ಅಲ್ವಾ?

ಭದ್ರಾವತಿ ನಿವೃತ್ತ ಪೊಲೀಸ್

ಹೌದು. ಅಕೌಂಟ್ ಯಾರದು, ಯಾವ ಐಪಿಯಿಂದ ಲಾಗಿನ್ ಆಗಿದೆ ಅನ್ನುವಷ್ಟನ್ನು ಕಂಪನಿಗಳು ಪೊಲೀಸರ ಪತ್ರಕ್ಕೆ ಕೊಡುತ್ತವೆ. ಮೆಸೇಜಿನ ಒಳಗೆ ಏನಿತ್ತು ಅನ್ನುವುದು ಬೇಕಾದರೆ ಭಾರತ ಮತ್ತು ಅಮೆರಿಕದ ಪರಸ್ಪರ ಕಾನೂನು ನೆರವಿನ ಒಪ್ಪಂದದ ದಾರಿ ಹಿಡಿಯಬೇಕು. 2001ರಲ್ಲಿ ಸಹಿ ಆದದ್ದು, 2005ರಿಂದ ಜಾರಿಯಲ್ಲಿದೆ. ದೆಹಲಿಯ ಗೃಹ ಸಚಿವಾಲಯದ ಮೂಲಕ ಹೋಗಿ ಅಲ್ಲಿನ ಕೋರ್ಟ್ ಒಪ್ಪಿ ವಾಪಸ್ ಬರಬೇಕು. ಬಹಳ ಕಾಲ ಹಿಡಿಯುತ್ತದೆ. ಮಗುವಿನ ಫೋನಿನಲ್ಲಿರುವ ಚಾಟ್ ಅಷ್ಟು ಅಮೂಲ್ಯ ಅನ್ನುವುದು ಇದಕ್ಕೇ. ಅದು ಇದ್ದರೆ ಅಮೆರಿಕದ ಮುಖ ನೋಡಬೇಕಾಗಿಲ್ಲ.

ಅಲ್ಲಿಂದ ಇಲ್ಲಿಗೆ ಬರುವ ದಾರಿಯೂ ಒಂದಿದೆ. ಅಮೆರಿಕದ ಕಂಪನಿಗಳು ತಮ್ಮ ಸೇವೆಯಲ್ಲಿ ಮಕ್ಕಳ ಇಂಥ ಚಿತ್ರ ಕಂಡರೆ ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಇರುವ ಎನ್‌ಸಿಎಂಇಸಿ ಅನ್ನುವ ಸಂಸ್ಥೆಗೆ ತಿಳಿಸಬೇಕು ಅಂತ ಅಲ್ಲಿ ಕಾನೂನಿದೆ. 2019ರಲ್ಲಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಆ ಸಂಸ್ಥೆ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಮಾಹಿತಿ ರಾಜ್ಯಕ್ಕೆ, ಅಲ್ಲಿಂದ ಜಿಲ್ಲೆಗೆ ಬರುತ್ತದೆ. ಯಾರೂ ದೂರು ಕೊಡದೆಯೇ ಕೇಸ್ ಆಗುವುದು ಹೀಗೆ.

ಸಾಗರದ ಅಮ್ಮ

ಆಳು ಸಿಕ್ಕ ಮೇಲೂ ಅರೆಸ್ಟ್ ಮಾಡಲಿಲ್ಲ ಅಂತ ಒಬ್ಬ ತಾಯಿ ನನ್ನ ಹತ್ತಿರ ಅತ್ತಿದ್ದರು. ನೋಟಿಸ್ ಕೊಟ್ಟು ಕಳಿಸಿದರಂತೆ. ಅದ್ಯಾಕೆ ಹಾಗೆ?

ಭದ್ರಾವತಿ ನಿವೃತ್ತ ಪೊಲೀಸ್

7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. 67ಬಿ ಮತ್ತು ಪೋಕ್ಸೋ 12 ಎರಡೂ ಆ ಮಿತಿಯೊಳಗೇ ಬರುತ್ತವೆ. ತೀರ್ಪು ಒಳ್ಳೆಯ ಉದ್ದೇಶದ್ದೇ. ಆದರೆ ನೋಟಿಸ್ ಸಿಕ್ಕ ಆರೋಪಿ ಮನೆಗೆ ಹೋಗಿ ಮೊದಲು ಮಾಡುವುದು ಫೋನ್ ರೀಸೆಟ್. ಸಾಕ್ಷ್ಯ ನಾಶದ ಸಾಧ್ಯತೆ ಬಂಧನಕ್ಕೆ ಕಾನೂನು ಒಪ್ಪುವ ಕಾರಣ. ಅದನ್ನು ಬರೆದೇ ಬಂಧಿಸಬಹುದು. ಕನಿಷ್ಠ ನೋಟಿಸ್ ಕೊಡುವ ಮೊದಲು ಅವನ ಫೋನ್, ಲ್ಯಾಪ್‌ಟಾಪ್ ವಶಕ್ಕೆ ಬಂದಿರಬೇಕು. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದು ಬಿಎನ್‌ಎಸ್‌ಎಸ್ 105ರಲ್ಲಿ ಕಡ್ಡಾಯ. ಅದೂ ಸರಿಯಾಗಿ ಆಗಬೇಕು.

ಮಕ್ಕಳ ಜೊತೆಗಾರ್ತಿ

ನಾನು ಪೋಕ್ಸೋ ಕೇಸುಗಳಲ್ಲಿ ಮಕ್ಕಳಿಗೆ ಸಹಾಯಕ ವ್ಯಕ್ತಿಯಾಗಿ ಕೆಲಸ ಮಾಡುತ್ತೇನೆ. ಇಷ್ಟು ಹೊತ್ತು ಫೋನಿನ ಬಗ್ಗೆಯೇ ಮಾತಾಯಿತು. ಮಗುವಿನ ಬಗ್ಗೆ ಹೇಳುತ್ತೇನೆ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿ ನನ್ನಂಥವರನ್ನು ನೇಮಿಸುತ್ತದೆ. ತನಿಖೆ ಶುರುವಾದಾಗಿನಿಂದ ವಿಚಾರಣೆ ಮುಗಿಯುವವರೆಗೆ ಜೊತೆಗಿರುತ್ತೇವೆ. ಕೋರ್ಟಿನಲ್ಲಿ ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ, ಪರದೆ ಅಥವಾ ವಿಡಿಯೊ ವ್ಯವಸ್ಥೆ ಮಾಡಬೇಕು. ಬಾಗಿಲು ಹಾಕಿ ವಿಚಾರಣೆ. ಎದುರು ವಕೀಲರು ನೇರವಾಗಿ ಮಗುವನ್ನು ಪ್ರಶ್ನಿಸುವಂತಿಲ್ಲ, ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು. ಮತ್ತೆ ಮತ್ತೆ ಕರೆಸಬಾರದು. ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಆದಷ್ಟೂ 1 ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಅಂತ 35ನೇ ಸೆಕ್ಷನ್. ಎಲ್ಲಾ ಕಡೆ ಹಾಗೇ ಆಗುತ್ತದೆ ಅಂತ ಹೇಳಲಾರೆ.

ಆನ್‌ಲೈನ್ ಕೇಸುಗಳಲ್ಲಿ ಬೇರೆಯದೇ ನೋವಿದೆ. ಮೈ ಮುಟ್ಟಿಲ್ಲವಲ್ಲ, ಇದೇನು ಮಹಾ ಅಂತ ದೊಡ್ಡವರು ಅನ್ನುತ್ತಾರೆ. ಮಗುವಿಗೆ ಮಾತ್ರ ಇದು ಮುಗಿದಿರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಫೋನ್ ನೋಡಿ ನಕ್ಕರೆ ನನ್ನ ಫೋಟೊನೇ ನೋಡಿದರು ಅಂದುಕೊಳ್ಳುತ್ತದೆ. ಮೇಷ್ಟ್ರೇ, ಮನೆಯವರಿಗೆ ಹೇಳಿ, 'ಯಾಕೆ ಫೋಟೊ ಕಳಿಸಿದೆ' ಅನ್ನುವ ಪ್ರಶ್ನೆಯನ್ನು ಯಾರೂ ಕೇಳಬಾರದು. ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಅದೇ ಪ್ರಶ್ನೆ ಕಿವಿಯಲ್ಲಿ ಉಳಿದು ಮಕ್ಕಳ ಮಾತು ನಿಂತುಹೋಗಿದ್ದನ್ನು ನೋಡಿದ್ದೇನೆ.

ಪರಿಹಾರದ ಬಗ್ಗೆಯೂ ಹೇಳಬೇಕು. 2020ರ ಪೋಕ್ಸೋ ನಿಯಮಗಳಲ್ಲಿ ಮಧ್ಯಂತರ ಪರಿಹಾರಕ್ಕೆ ಅವಕಾಶ ಇದೆ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ಕೋರ್ಟ್ ಆದೇಶಿಸಬಹುದು. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರೂ ಸಿಗುತ್ತಾರೆ.

ಆಗುಂಬೆ ಘಾಟಿ

ಒಂದು ಮಾತು ಕೇಳುತ್ತೇನೆ. ಮಾಡಿದವನು ಹೊರಗಿನವನಲ್ಲ, ಅದೇ ಶಾಲೆಯ 16 ವರ್ಷದ ಹುಡುಗ ಅಂತ ಗೊತ್ತಾದರೆ? ಅವನಿಗೂ ಇದೇ ಸೆಕ್ಷನ್ನಾ?

ಶಿವಮೊಗ್ಗ ವಕೀಲೆ

ಸೆಕ್ಷನ್ ಅದೇ, ದಾರಿ ಬೇರೆ. 18 ತುಂಬದವನು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ, ಜೈಲಿಗಲ್ಲ. 16 ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡುವ ಅವಕಾಶ ಘೋರ ಅಪರಾಧಗಳಿಗೆ ಮಾತ್ರ, ಅಂದರೆ ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಜಾಸ್ತಿ ಇರುವಂಥವಕ್ಕೆ. 67ಬಿ ಅದರಲ್ಲಿ ಬರುವುದಿಲ್ಲ. ಮಂಡಳಿ ಕೌನ್ಸೆಲಿಂಗ್‌ಗೆ ಕಳಿಸಬಹುದು, ಸಮುದಾಯ ಸೇವೆ ಹೇಳಬಹುದು.

ಸೊರಬದ ಕಾನೂನು ವಿದ್ಯಾರ್ಥಿ

ಇಲ್ಲಿ ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಇಬ್ಬರು 17 ವರ್ಷದವರು ಇಷ್ಟಪಟ್ಟು ಫೋಟೊ ಹಂಚಿಕೊಂಡರೂ ಕಾನೂನಿನ ಅಕ್ಷರ ನೋಡಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಬೆದರಿಸುವವನಿಗೂ ಪ್ರೀತಿಸುವವರಿಗೂ ಒಂದೇ ಬಲೆ ಹಾಕುವುದು ಸರಿಯಲ್ಲ. ಆ ಭಯಕ್ಕೇ ಎಷ್ಟೋ ಹುಡುಗಿಯರು ಬೆದರಿಕೆ ಬಂದಾಗಲೂ ಬಾಯಿ ಬಿಡುವುದಿಲ್ಲ.

ಮಕ್ಕಳ ಜೊತೆಗಾರ್ತಿ

ಆ ಭಯ ನಿಜ. ಆದರೆ ಇಷ್ಟಪಟ್ಟು ಕಳಿಸಿದ ಫೋಟೊ ಪ್ರೀತಿ ಮುರಿದ ಮೇಲೆ ಆಯುಧವಾಗುವುದನ್ನೂ ನಾನು ನೋಡುತ್ತಿದ್ದೇನೆ. ವಿನಾಯಿತಿ ಬರೆಯುವುದಾದರೆ ಬಹಳ ಎಚ್ಚರದಿಂದ ಬರೆಯಬೇಕು. ನನಗೆ ಇನ್ನೂ ಒಂದೇ ಉತ್ತರ ಸಿಕ್ಕಿಲ್ಲ.

ಹೊಸನಗರದ ಮೇಷ್ಟ್ರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಈ ಉತ್ತರಗಳನ್ನು ಪ್ರಿಂಟ್ ತೆಗೆದು ಮನೆಯವರಿಗೆ ಓದಿ ಹೇಳಿದೆ. ಸಾದಾ ಬಟ್ಟೆಯಲ್ಲಿ ಬರುತ್ತಾರೆ ಅಂದಾಗ ಅಮ್ಮ ಒಪ್ಪಿದರು. ದೊಡ್ಡಪ್ಪ ಇನ್ನೂ ಮುನಿಸಿಕೊಂಡಿದ್ದಾರೆ. ದೂರು ಕೊಟ್ಟಾಗಿದೆ. ಫೋನ್ ಕವರಿನಲ್ಲಿ ಸೀಲ್ ಆಗಿ ಹೋಯಿತು. ಉಳಿದದ್ದು ಅದೊಂದೇ ಪ್ರಶ್ನೆ. ಬ್ಯಾಂಕ್ ಒಟಿಪಿ, ಅಡಿಕೆ ಸೊಸೈಟಿ ಮೆಸೇಜು, ರೇಷನ್, ಎಲ್ಲವೂ ಅದೇ ನಂಬರಿಗೆ. ಅದು ಯಾವಾಗ ಸಿಗುತ್ತದೆ?

ಶಿವಮೊಗ್ಗ ವಕೀಲೆ

ನಂಬರ್ ಬೇರೆ, ಫೋನ್ ಬೇರೆ. ಸಿಮ್ ಕೂಡ ಜಪ್ತಿ ಆಗಿದ್ದರೆ ಜಪ್ತಿ ಪಟ್ಟಿಯ ನಕಲು ಇಟ್ಟುಕೊಂಡು, ತನಿಖಾಧಿಕಾರಿಗೆ ಹೇಳಿಯೇ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಸಣ್ಣ ಫೋನಿಗೆ ಹಾಕಿದರೂ ಒಟಿಪಿ ಬರುತ್ತದೆ. ಆ ಹೊಸ ಸಿಮ್‌ನಿಂದ ಹಳೆಯ ಚಾಟ್ ಆ್ಯಪ್‌ಗೆ ಲಾಗಿನ್ ಮಾತ್ರ ಮಾಡಬೇಡಿ. ಹಳೆ ಫೋನಿನಲ್ಲಿ ಲಾಗೌಟ್ ಆಗಿ ದಾಖಲೆಗೆ ತೊಂದರೆ ಆಗಬಹುದು.

ಫೋನಿಗೆ ಬಿಎನ್‌ಎಸ್‌ಎಸ್ 503ರಡಿ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಬಹುದು. ಪ್ರಯೋಗಾಲಯದಲ್ಲಿ ಪೂರ್ತಿ ನಕಲು ತೆಗೆದ ಮೇಲೆ ಕೊಡಿ ಅಂತ ಕೇಳೋಣ. ಆದರೆ ಮೂಲ ಫೋನೇ ಕೋರ್ಟಿಗೆ ಬಂದರೆ ಕೇಸಿಗೆ ಬಲ ಅಂತ ಮೊದಲೇ ಹೇಳಿದ್ದೇನೆ. ಬಿಡುಗಡೆಯಾದರೂ ಮಾರುವಂತಿಲ್ಲ, ಕೇಳಿದಾಗ ತರಬೇಕು ಅಂತ ಷರತ್ತು ಇರುತ್ತದೆ. ಆದ್ದರಿಂದ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಜೊತೆ ಕೂತು ಮಾತಾಡಿ, ಆಮೇಲೆ ಅರ್ಜಿ ಹಾಕಿಸಿ. ಖರೀದಿ ಬಿಲ್ ಇಲ್ಲದಿದ್ದರೆ ಫೋನಿನ ಡಬ್ಬದ ಮೇಲಿರುವ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ತೋರಿಸಿ, ಡಬ್ಬ ಎಸೆಯಬೇಡಿ ಅಂತ ಮನೆಯವರಿಗೆ ಇವತ್ತೇ ಹೇಳಿ.